ತೆಕ್ಲಾಳ ಗಡಿಯಾರ

ಸಸ್ಕಾಚೆವಾನ್, ಜನವರಿ ೧೯೬೮

ಟೆಲಿಫೋನ್ ಕಂಪನಿಯ ವ್ಯವಸ್ಥಾಪಕರಿಗೆ,

ಸ್ವಾಮಿ, ಊರಿಗೆಲ್ಲ ಒಂದೇ ಟೆಲಿಫೋನ್ ತಂತಿಯಿದ್ದಾಗ ನಾನು ತಂಗಿಯೊಡನೆ ಮಾತಾಡಿದರೆ ಪಕ್ಕದ ಹೊಲದ ತೆಕ್ಲಾ ಫೋನೆತ್ತಿ ಕದ್ದು ಕೇಳುತ್ತಿದ್ದಳು. ತಂತಿಯಲ್ಲಿ ಕೇಳಿಬರುವ ಅವಳ ಗಡಿಯಾರದ ಟಿಕ್‌ಟಿಕ್ಕೇ ಅವಳ ಮೇಲೆ ಚಾಡಿ ಹೇಳುತ್ತಿತ್ತು. ನಾನು ಗದರುತ್ತಿದ್ದೆ:

"ಫೋನ್ ಇಡೇ ಮಾರಾಯ್ತಿ, ನಿನ್ನ ಆಲೂಗಡ್ಡೆ ಸೀದುಹೋಗುತ್ತೆ!"

"ಸೀದ್ರೆ ಸೀಯ್ಲಿ, ನಿನ್ ತಂಗಿ ಗಂಡ ಏನಂದ, ಅದ್ಹೇಳು!"

ಈಗ ಮನೆಗೊಂದು ತಂತಿ ಕೊಟ್ಟಿದ್ದೀರಿ. ಮಾತು ಶುದ್ಧ, ಮನೆ ನಿಶ್ಶಬ್ದ. ಲಕ್ವ ಹೊಡೆದು ತೆಕ್ಲಾಳ ಮಾತು ನಿಂತಿದೆ. ನಾನು ಕರೆದರೆ ಎತ್ತುವುದಿಲ್ಲ. ಎತ್ತಿ ಏನು ಹೇಳಿಯಾಳು? ಈ ಹಿಮದಲ್ಲಿ ನನ್ನ ಮಂಡಿ ಅವಳ ಮನೆವರೆಗೆ ನಡೆಯುವುದಿಲ್ಲ.

ದಯಮಾಡಿ ನಮ್ಮಿಬ್ಬರ ತಂತಿ ಮತ್ತೆ ಒಂದು ಮಾಡಿ. ಅವಳು ಮಾತಾಡಬೇಕಿಲ್ಲ, ಕದ್ದು ಕೇಳಿದರೆ ಸಾಕು, ನನಗೆ ಟಿಕ್‌ಟಿಕ್ ಕೇಳಿಸುತ್ತದೆ. ಆ ಗಡಿಯಾರಕ್ಕೆ ದಿನಾ ಕೀಲಿ ಕೊಡುವವಳು ಅವಳೊಬ್ಬಳೇ.

ಇಂತಿ,
ಮಿಲ್ಡ್ರೆಡ್ ಓಸ್ಟ್‌ಬಿ