ಬಿಳಿ ಇಳಿಸುವುದು

ಭಾನುವಾರ, ಊಟವಾದ ಮೇಲೆ

ನನ್ನ ಜಗಳಗಂಟಿ ಮಗಳೇ,

ನಿನ್ನ ಕಾಗದ ಬಂದು ವಾರವಾಯಿತು. ಓದಿ ಮಡಿಸಿ ದಿಂಬಿನ ಕೆಳಗಿಟ್ಟು, ಮತ್ತೆ ತೆಗೆದು ಓದಿ, ಮತ್ತೆ ಸಿಟ್ಟು ಮಾಡಿಕೊಂಡೆ. ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ನೀನು ನನ್ನ ಮಾತು ಮುಗಿಯಲು ಬಿಡುವವಳಲ್ಲ, ಈಚೆಗೆ ನನಗೂ ಫೋನಿನಲ್ಲಿ ಉದ್ದುದ್ದ ಮಾತು ಆಗಿಬರುವುದಿಲ್ಲ. ಇವತ್ತು ಕೆಳಗೆ ಕಲ್ಲು ಕೊಯ್ಯುವ ಯಂತ್ರಗಳಿಗೆ ರಜೆ, ನಿಮ್ಮಪ್ಪ ಕುರ್ಚಿಯಲ್ಲೇ ತೂಕಡಿಸುತ್ತಿದ್ದಾರೆ. ಕೂತು ಬರೆಯುತ್ತಿದ್ದೇನೆ.

ಚೂಟಿಯನ್ನು ಒಂದು ವರ್ಷ ನನ್ನ ಹತ್ತಿರ ಬಿಡುತ್ತೇನೆ, ರೈಲು ಓಡಿಸುವ ತರಬೇತಿ ಮುಗಿದ ಕೂಡಲೇ ಕರೆದುಕೊಂಡು ಹೋಗುತ್ತೇನೆ ಎಂದು ನೀನು ಕೇಳಿದೆ. ನಾನು ಆಗುವುದಿಲ್ಲ ಎಂದೆ. ಅದಕ್ಕೆ ನೀನು, ಮಾವನ ಮಕ್ಕಳಿಬ್ಬರನ್ನೂ ಸೊಂಟದ ಮೇಲೆ ಹೊತ್ತು ಸಾಕಿದವಳಿಗೆ ಹೆತ್ತ ಮಗಳ ಮಗು ಭಾರವಾಯಿತೇ ಎಂದು ಬರೆದೆ. ಗಂಡ ಬಿಟ್ಟುಹೋದವಳಿಗೆ ಈಗ ತವರೂ ಬಾಗಿಲು ಹಾಕಿತು ಎಂದೂ ಬರೆದೆ. ಆ ಸಾಲು ಓದಿದ ದಿನ ನಾನು ಒಲೆ ಹಚ್ಚಲಿಲ್ಲ. ನಿಮ್ಮಪ್ಪ ಹಿಂದಿನ ದಿನದ ರೊಟ್ಟಿಯನ್ನೇ ಚಹಾದಲ್ಲಿ ಅದ್ದಿ ತಿಂದು, ಮಗಳು ಬರೆದದ್ದಕ್ಕೆ ನನಗ್ಯಾಕೆ ಶಿಕ್ಷೆ ಎಂದರು.

ಮನೆ ಚಿಕ್ಕದು, ನೀರು ಸರಿಯಾಗಿ ಬರುವುದಿಲ್ಲ, ನನಗೂ ವಯಸ್ಸಾಯಿತು ಎಂದು ನಾನು ಹೋದ ಸಲ ಏನೇನೋ ಬರೆದಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೀನು ತಿರುಗಿ ಚುಚ್ಚಿದ್ದು ಸರಿಯಾಗಿಯೇ ಇದೆ. ಆ ಮಾತಿನಲ್ಲಿ ನೀನು ನನ್ನ ಮಗಳೇ. ನೆಲವೇನೋ ನೆಟ್ಟಗಿದೆ ಕಣೇ. ಡೊಂಕಾಗಿರುವುದು ಇಲ್ಲಿಯ ಗಾಳಿ.

ನೀನು ಮದುವೆಯಾಗಿ ಹೋದಾಗ ಕೆಳಗೆ ಕೊಯ್ಯುತ್ತಿದ್ದದ್ದು ಹೆಚ್ಚಾಗಿ ಹಳೆಯ ಕಲ್ಲು. ಈಗ ಬರುವುದೆಲ್ಲ ಹೊಸ ಕಲ್ಲು, ಕಲ್ಲಿನ ಪುಡಿಗೆ ಅಂಟು ಕಲಸಿ ಹಲಗೆ ಮಾಡಿದ್ದು. ಅಡುಗೆಮನೆ ಕಟ್ಟೆಗೆ ಎಲ್ಲರಿಗೂ ಅದೇ ಬೇಕು. ಕಲೆ ಹಿಡಿಯುವುದಿಲ್ಲವಂತೆ, ಕನ್ನಡಿಯ ಹಾಗೆ ಹೊಳೆಯುತ್ತದಂತೆ. ನಿಮ್ಮಪ್ಪನ ಕೆಲಸ ಗೊತ್ತಲ್ಲ, ಹಲಗೆಯ ನಡುವೆ ಪಾತ್ರೆ ತೊಳೆಯುವ ತೊಟ್ಟಿಗೆ ತೂತು ತೆಗೆಯುವುದು, ಅಂಚು ದುಂಡಗೆ ಮಾಡುವುದು. ನೀರು ಬಿಟ್ಟುಕೊಂಡು ಕೊಯ್ದರೆ ಪುಡಿ ಹಾರುವುದಿಲ್ಲ, ಅದು ಕೆಳಗಿನ ಎಲ್ಲರಿಗೂ ಗೊತ್ತು. ಆದರೆ ನೀರು ಬಿದ್ದರೆ ಪೆನ್ಸಿಲಿನಲ್ಲಿ ಎಳೆದ ಗೆರೆ ಅಳಿಸಿಹೋಗುತ್ತದೆ. ಗೆರೆ ತಪ್ಪಿದರೆ ಇಡೀ ಹಲಗೆ ದಂಡ. ಹಾಗಾಗಿ ತೂತು ತೆಗೆಯುವಾಗ ನೀರಿನ ಕೊಳವೆ ಮುಚ್ಚಿ, ಒಣಗಿದ್ದಂತೆಯೇ ಕೊಯ್ಯುತ್ತಾರೆ. ನಿಮ್ಮಪ್ಪನ ತೂತು ಒಂದು ಕೂದಲೆಳೆ ಆಚೀಚೆ ಹೋದದ್ದಿಲ್ಲ ಎಂದು ಊರೆಲ್ಲ ಹೊಗಳಿದ್ದು ಇದರಿಂದಲೇ.

ಮಾಲೀಕರು ಕೆಟ್ಟವರೇನಲ್ಲ. ಮೂಗಿನ ಮುಸುಕು ತಂದು ಹಂಚಿದರು. ಹಾಕಿಕೊಂಡರೆ ಉಸಿರಿನ ಹಬೆಗೆ ಕನ್ನಡಕ ಮಂಜಾಗಿ ಅದೇ ಗೆರೆ ಕಾಣುವುದಿಲ್ಲ. ಮುಸುಕುಗಳು ಮೊಳೆಗೆ ನೇತುಬಿದ್ದು ಧೂಳು ತಿನ್ನುತ್ತಿವೆ. ಆಮೇಲೆ ಗಾಳಿ ಎಳೆಯುವ ದೊಡ್ಡ ಪಂಖ ಹಾಕಿಸಿದರು. ಅದು ಒಳಗಿನ ಧೂಳನ್ನೆಲ್ಲ ಎಳೆದು ಹಿತ್ತಲಿಗೆ ಉಗುಳುತ್ತದೆ. ಹಿತ್ತಲು ಅಂದರೆ ನಮ್ಮ ಅಡುಗೆಮನೆ ಕಿಟಕಿಯ ನೇರ ಕೆಳಗೆ. ಕಿಟಕಿಯ ಸಂದಿಗೆಲ್ಲ ಟೇಪು ಅಂಟಿಸಿದ್ದೇನೆ. ಸೆಕೆಯಲ್ಲಿ ಬೆಂದುಹೋಗುತ್ತೇವೆ, ಆದರೂ ಮೇಜು ಒರೆಸಿ ಚಹಾ ಸೋಸಿ ತರುವಷ್ಟರಲ್ಲಿ ಅದರ ಮೇಲೆ ಬೆರಳಿನಿಂದ ಹೆಸರು ಬರೆಯಬಹುದು. ನಿನ್ನ ಚೂಟಿ ಓಡಾಡಿ, ಬಿದ್ದು, ಬಾಯಿ ತೆರೆದು ನಿದ್ದೆ ಮಾಡಬೇಕಾದ ಮನೆ ಇದೇ.

ನಿಮ್ಮಪ್ಪನ ವಿಷಯವನ್ನೂ ನಾನು ಪೂರ್ತಿ ಬರೆದಿರಲಿಲ್ಲ. ಸ್ವಲ್ಪ ಕಫ ಎಂದು ತೇಲಿಸಿದ್ದೆ. ಕಫವಲ್ಲ. ಮೆಟ್ಟಿಲಿನ ತಿರುವಿನಲ್ಲಿ ನಿಂತು ಜೇಬಿನಿಂದ ಫೋನು ತೆಗೆದು ನೋಡುತ್ತಾರೆ. ಆ ಫೋನಿಗೆ ಯಾರೂ ಮಾಡುವುದಿಲ್ಲ. ಉಸಿರು ತಿರುಗುವವರೆಗೂ ಅದನ್ನು ತಿಕ್ಕುತ್ತಾ ನಿಂತು ಆಮೇಲೆ ಮೇಲೆ ಬರುತ್ತಾರೆ, ನಾನೂ ನೋಡದವಳ ಹಾಗೆ ತಟ್ಟೆ ಹಾಕುತ್ತೇನೆ. ಗರಗಸ ಹಿಡಿಯುವುದನ್ನು ಬಿಡಿಸಿ ಮಾಲೀಕರು ಈಗ ಗೆರೆ ಎಳೆಯಲು ಮಾತ್ರ ಕೂರಿಸಿದ್ದಾರೆ. ಅದೇ ಕೋಣೆ, ಅದೇ ಗಾಳಿ. ಕೆಲಸ ಬಿಡಿ ಎಂದು ನಾನು ಹೇಳದೆ ಇಲ್ಲ. ಬಿಟ್ಟರೆ ಈ ಮನೆಯನ್ನೂ ಬಿಡಬೇಕು, ಮನೆ ಕೆಲಸದ ಜೊತೆಗೆ ಬಂದದ್ದು. ಮೆಟ್ಟಿಲಿನಲ್ಲಿ ನಿಲ್ಲುವ ಗಂಡಸಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಅತ್ತ ದರಿ, ಇತ್ತ ಪುಲಿ. ನಡುವೆ ನಾನು ಟೇಪಿನ ಸುರುಳಿ ಹಿಡಿದುಕೊಂಡು ನಿಂತಿದ್ದೇನೆ.

ಇಲ್ಲಿಗೆ ಕಾಗದ ಮುಗಿಸಬೇಕೆಂದಿದ್ದೆ. ನಿಮ್ಮಪ್ಪ ಎದ್ದು ಬಂದು ಇಣುಕಿ ನೋಡಿ, "ಅರ್ಧ ಹೇಳಿದ್ರೆ ಅವಳು ಇನ್ನರ್ಧ ತಾನೇ ಕಟ್ಕೊಂಡು ಜಗಳಕ್ಕೆ ಬರ್ತಾಳೆ, ಪೂರ್ತಿ ಬರಿ" ಎಂದರು. ಅದಕ್ಕೆ ಬರೆಯುತ್ತೇನೆ.

ಅವರ ಎದೆಯ ಚಿತ್ರ ತೆಗೆಸಲು ಹೋದಾಗ ಜೊತೆಗೆ ಹೋಗಿದ್ದೆ. ಡಾಕ್ಟರು ಒಬ್ಬ ಹೆಂಗಸು, ನಿನ್ನ ವಯಸ್ಸಿನವಳೇ ಇರಬೇಕು, ತಲೆ ಬಾಚಲು ಪುರುಸೊತ್ತಿಲ್ಲದವಳು. ನಿಮ್ಮಪ್ಪನನ್ನು ಪರೀಕ್ಷೆ ಮಾಡುತ್ತಿದ್ದವಳು ಕುರ್ಚಿಯಲ್ಲಿ ಕೂತ ನನ್ನ ಕೆಮ್ಮು ಕೇಳಿ ತಲೆ ಎತ್ತಿದಳು, ನಿಮ್ಮದೂ ಒಂದು ತೆಗೆಸಿ ಎಂದಳು. ಎರಡೂ ಚಿತ್ರ ಬಂದಾಗ ಬೆಳಕಿಗೆ ಹಿಡಿದು ನೋಡಿ, ನನ್ನ ಹೆಸರಿನದು ಕಲ್ಲು ಕೊಯ್ಯುವವರ ಎದೆ, ಹೆಸರು ಅದಲುಬದಲು ಮಾಡಿದ್ದೀ ಎಂದು ಚಿತ್ರ ತೆಗೆಯುವವನನ್ನು ಬೈದಳು. ಪಾಪ, ಅವನು ನನ್ನನ್ನು ಮತ್ತೆ ಕರೆದುಕೊಂಡು ಹೋಗಿ ನಿಲ್ಲಿಸಿ ಮತ್ತೆ ತೆಗೆದ. ಚಿತ್ರ ಬದಲಾಗಲಿಲ್ಲ.

ನೀವೇನು ಕೆಲಸ ಮಾಡುತ್ತೀರಿ ಎಂದು ಕೇಳಿದಳು. ಕೇಳಿದವರಿಗೆಲ್ಲ ಹೇಳುವುದನ್ನೇ ಹೇಳಿದೆ. "ಏನಿಲ್ಲಮ್ಮ, ಮನೇಲೇ ಇರ್ತೀನಿ."

"ಮನೇಲಿ ಏನೇನು ಮಾಡ್ತೀರಿ?"

ನನ್ನ ಜನ್ಮದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಗು ಬಂತು. ಗುಡಿಸುವುದು, ಬೇಯಿಸುವುದು, ಅಂಗಡಿಗೆ ಹೋಗುವುದು ಎಂದು ಹೇಳುತ್ತಾ ಹೋದೆ. ಬಟ್ಟೆಯ ಮಾತು ಬಂದಾಗ ಅವಳು ಪೆನ್ನು ಕೆಳಗಿಟ್ಟಳು. ಹೇಗೆ ಒಗೆಯುತ್ತೀರಿ, ಮೊದಲು ಏನು ಮಾಡುತ್ತೀರಿ, ಎಲ್ಲಿ ನಿಂತು ಮಾಡುತ್ತೀರಿ ಎಂದು ಬಿಡಿಸಿ ಬಿಡಿಸಿ ಕೇಳಿದಳು.

ನಿನಗೆ ನೆನಪಿರಬೇಕು, ಕೆಲಸದ ಬಟ್ಟೆಯನ್ನು ಹಾಗೆಯೇ ನೆನೆಹಾಕಿದರೆ ಆ ಪುಡಿ ಮೋರಿಯಲ್ಲಿ ಸಿಮೆಂಟಿನ ಹಾಗೆ ಕಚ್ಚಿಕೊಳ್ಳುತ್ತದೆ. ನಾನು ಈ ಮನೆಗೆ ಹೊಸದಾಗಿ ಬಂದಾಗ ಹಾಗೆ ಮಾಡಿ, ಮೋರಿ ಕಟ್ಟಿ, ಇಡೀ ಸಾಲಿನ ಮನೆಗಳಿಗೆ ನೀರು ನುಗ್ಗಿ, ಎಲ್ಲರ ಬಾಯಿಗೂ ಬಿದ್ದಿದ್ದೆ. ಆಗ ಪಕ್ಕದ ಮನೆಯ ಅತ್ತಿಗೆ ಕಲಿಸಿಕೊಟ್ಟದ್ದು, ಒಣಗಿದ್ದಾಗಲೇ ಹಿತ್ತಲ ಮೆಟ್ಟಿಲ ಮೇಲೆ ನಿಂತು ಚೆನ್ನಾಗಿ ಕೊಡವಿ, ಆಮೇಲೆ ನೀರಿಗೆ ಹಾಕು ಎಂದು. ಬೀದಿಯ ಹೆಂಗಸರೆಲ್ಲ ಅದಕ್ಕೆ ಬಿಳಿ ಇಳಿಸುವುದು ಎನ್ನುತ್ತಿದ್ದೆವು. ಬಿಳಿ ಇಳಿಸಿ ಆಯ್ತಾ ಎಂದು ಕೇಳುವುದೇ ನಮ್ಮ ಸಂಜೆಯ ಕುಶಲ. ಯಾರ ಗಂಡನ ಅಂಗಿ ಹೆಚ್ಚು ಚೊಕ್ಕ ಎಂದು ಒಳಗೊಳಗೇ ಪೈಪೋಟಿ. ಅದರಲ್ಲಿ ನನ್ನನ್ನು ಸೋಲಿಸಿದವರಿಲ್ಲ ಎಂದು ಡಾಕ್ಟರಿಗೂ ಜಂಬದಿಂದಲೇ ಹೇಳಿದೆ. ಹೇಳುತ್ತಾ ಹೇಳುತ್ತಾ ಅವಳ ಮುಖ ನೋಡಿದೆ, ಕೊಡವಿದ ಪುಡಿ ಎಲ್ಲಿಗೆ ಹೋಗಿತ್ತೆಂದು ಆಗ ಹೊಳೆಯಿತು.

ಅವಳು ಒಂದು ಹಾಳೆಯ ಹಿಂದೆ ಚಿತ್ರ ಬರೆದು ವಿವರಿಸಿದಳು. ಶ್ವಾಸಕೋಶದ ತುದಿಯಲ್ಲಿ ಚಿಕ್ಕ ಚಿಕ್ಕ ಗಾಳಿಗೂಡುಗಳಿವೆಯಂತೆ. ಅಲ್ಲಿ ಕಸ ಗುಡಿಸಲೆಂದೇ ಒಂದು ಜಾತಿಯ ಜೀವಕೋಶಗಳು ಓಡಾಡಿಕೊಂಡಿರುತ್ತವಂತೆ. ಏನು ಬಂದು ಬಿದ್ದರೂ ನುಂಗಿ ಕರಗಿಸುವುದು ಅವುಗಳ ಕೆಲಸ. ಹೊಗೆಯ ಕಣ, ರೋಗದ ಹುಳ, ಎಲ್ಲ. ಕಲ್ಲಿನ ಪುಡಿ ಮಾತ್ರ ಕರಗುವುದಿಲ್ಲ. ನುಂಗಿದ ಕೋಶ ಹೊಟ್ಟೆ ಒಡೆದು ಸಾಯುತ್ತದೆ, ಪುಡಿ ಮತ್ತೆ ಹೊರಗೆ ಬೀಳುತ್ತದೆ. ಇನ್ನೊಂದು ಬಂದು ನುಂಗುತ್ತದೆ, ಅದೂ ಸಾಯುತ್ತದೆ. ಹೀಗೆ ಸತ್ತ ಜಾಗವೆಲ್ಲ ಉರಿದು, ಹಳೆಯ ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತದೆ. ಗಟ್ಟಿಯಾದ ಕಡೆ ಗಾಳಿ ಹೋಗುವುದಿಲ್ಲ. ಧೂಳು ಕುಡಿಯುವುದನ್ನು ನಿಲ್ಲಿಸಿದ ಮೇಲೂ ಒಳಗಿನ ಈ ವ್ಯವಹಾರ ನಿಲ್ಲುವುದಿಲ್ಲವಂತೆ. ಔಷಧಿ ಕೊಡುತ್ತೇನೆ, ಉಸಿರು ಸ್ವಲ್ಪ ಸುಲಭವಾಗುತ್ತದೆ, ಆದರೆ ಹೋದದ್ದು ಬರುವುದಿಲ್ಲ ಎಂದಳು.

ಗುಡಿಸಿ ಗುಡಿಸಿ ಸಾಯುವ ಆ ಕೋಶಗಳು ಹೆಂಗಸರೇ ಇರಬೇಕು ಎಂದೆ ನಾನು. ಡಾಕ್ಟರು ನಗಲಿಲ್ಲ. ಹೊರಗೆ ಬಂದ ಮೇಲೆ ನಿಮ್ಮಪ್ಪ ಬೆಂಚಿನ ಮೇಲೆ ಕೂತರು. ಆಮೇಲೆ, "ನನ್ನ ತಟ್ಟೇಲಿ ಕೈ ಹಾಕೋ ಅಭ್ಯಾಸ ನೀನು ಇದರಲ್ಲೂ ಬಿಡಲಿಲ್ಲ" ಎಂದರು. ತಮಾಷೆ ಮಾಡಲು ಹೊರಟವರು ಅತ್ತುಬಿಟ್ಟರು. ಅವರು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಬಸ್ಸಿನಲ್ಲಿ ಇಬ್ಬರೂ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಬಂದೆವು.

ನಾನು ತಪ್ಪು ಮಾಡಿದೆ ಎಂದು ನಿನ್ನೆದುರು ಗೋಳಾಡುತ್ತಿಲ್ಲ. ಗಂಡನ ಅಂಗಿ ಚೊಕ್ಕ ಮಾಡಿದ್ದು ತಪ್ಪಾದರೆ ಜಗತ್ತಿನಲ್ಲಿ ಸರಿ ಯಾವುದೂ ಇಲ್ಲ. ನನಗೆ ಬಂದಿರುವುದು ಸಿಟ್ಟು. ಆ ಹೊಳೆಯುವ ಕಟ್ಟೆಗಳ ಮೇಲೆ ಸಿಟ್ಟು, ಪೆನ್ಸಿಲ್ ಗೆರೆಯ ಮೇಲೆ ಸಿಟ್ಟು, ಈ ಕಿಟಕಿಯ ಮೇಲೆ ಸಿಟ್ಟು. ಅಷ್ಟು ಸಿಟ್ಟು ಬಂದರೂ ಕೂಗಾಡಲು ಉಸಿರು ಸಾಲುವುದಿಲ್ಲ, ಅದಕ್ಕೆ ಮತ್ತೂ ಸಿಟ್ಟು.

ಹಾಗಾದರೆ ಅಮ್ಮ, ನೀನೇ ನನ್ನ ಮನೆಗೆ ಬಂದು ಮಗು ನೋಡಿಕೋ ಎನ್ನುತ್ತೀ. ಯೋಚಿಸಿದೆ. ನಿನ್ನ ಮನೆ ಇರುವುದು ನಾಲ್ಕನೇ ಮಹಡಿಯಲ್ಲಿ, ಲಿಫ್ಟಿಲ್ಲ. ಒಮ್ಮೆ ಹತ್ತಿದರೆ ಮತ್ತೆ ಇಳಿಯುವ ಧೈರ್ಯ ನನಗಿಲ್ಲ. ಚೂಟಿ ಬೀದಿಗೆ ಓಡಿದರೆ ಹಿಂದೆ ಓಡುವವರು ಯಾರು? ನಿಮ್ಮಪ್ಪ, ನೀನು ಹೋಗು, ನಾನು ಹೇಗೋ ಇರ್ತೀನಿ ಎನ್ನುತ್ತಾರೆ. ಆ ಹೇಗೋ ಹೇಗಿರುತ್ತದೆಂದು ನನಗೆ ಗೊತ್ತು. ರಾತ್ರಿ ಅವರಿಗೆ ಮಲಗಿದರೆ ಉಸಿರು ಕಟ್ಟುತ್ತದೆ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಬೇಕು. ಇಲ್ಲಿ ಇರಲಾರೆ, ಅಲ್ಲಿಗೆ ಬರಲಾರೆ.

ಅಸಲಿಗಿಂತ ಬಡ್ಡಿಯ ಮೇಲೆ ಆಸೆ ಹೆಚ್ಚು ಎನ್ನುತ್ತಾರಲ್ಲ, ಸುಳ್ಳಲ್ಲ. ಚೂಟಿ ಬೇಕು ನನಗೆ. ಅವಳ ಹಾಲಿನ ವಾಸನೆಯ ಕುತ್ತಿಗೆ ಬೇಕು, ಆ ಬಾಯಿಬಡುಕತನ ಬೇಕು. ಆದರೂ ಬೇಡ. ನಿನ್ನ ಕೆಳಗಿನ ಮನೆಯ ದರ್ಜಿ ಹೆಂಗಸು ಮಗುವನ್ನು ನೋಡಿಕೊಳ್ಳುತ್ತೇನೆ ಎಂದಿದ್ದಳಲ್ಲ, ನಿನ್ನ ಬಿಗುಮಾನ ಬದಿಗಿಟ್ಟು ಅವಳನ್ನು ಕೇಳು. ಜಗಳವಾಡುವುದಿದ್ದರೆ ನನ್ನ ಹತ್ತಿರ ಆಡು, ಅವಳ ಹತ್ತಿರ ಬೇಡ.

ತವರಿನ ಬಾಗಿಲು ನಿನಗೆ ಹಾಕಿಲ್ಲ. ಆದರೆ ತೆರೆದರೆ ಧೂಳು ಬರುತ್ತದೆ, ಅಷ್ಟೇ.

ಸಿಟ್ಟಿನಲ್ಲೂ ಪ್ರೀತಿಯಲ್ಲೂ ನಿನಗಿಂತ ಒಂದು ಕೈ ಮೇಲಿರುವ
ನಿನ್ನಮ್ಮ

ಮರೆತಿದ್ದೆ: ಮರೆತದ್ದಲ್ಲ, ಬರೆಯಲು ಇಷ್ಟು ಹೊತ್ತು ಬೇಕಾಯಿತು. ನಿನ್ನ ಕಾಗದದ ಕೊನೆಯಲ್ಲಿ, ಎಂಜಿನ್ನಿನ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ, ಕೂತು ತಿಂದು ದಪ್ಪಗಾಗಿದ್ದೇನೆ ಎಂದು ನಗುತ್ತಾ ಬರೆದಿದ್ದೀ. ನಾನು ವಾರವಿಡೀ ತೆಗೆದು ತೆಗೆದು ಓದಿದ್ದು ಆ ಸಾಲನ್ನು. ನೀನು ಶಾಲೆಯಿಂದ ಬಂದವಳೇ ಚೀಲ ಎಸೆದು ಹಿತ್ತಲಿಗೆ ಓಡಿಬರುತ್ತಿದ್ದೆ. ಅಪ್ಪನ ಪ್ಯಾಂಟಿನ ಒಂದು ಕಾಲು ನಿನ್ನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಬಿಳಿ ಮೋಡ ಏಳುವಾಗ ಕುಣಿಯುತ್ತಿದ್ದೆ, ಬಾಯಿ ತೆರೆದು ನಗುತ್ತಿದ್ದೆ. ನಾಳೆಯೇ ಹೋಗಿ ಎದೆಯ ಚಿತ್ರ ತೆಗೆಸು. ರೈಲಿನವರ ಡಾಕ್ಟರು ನೋಡಿದರೆ ಕೆಲಸ ಹೋದೀತು ಎಂದು ನನಗೂ ಗೊತ್ತು. ಅದಕ್ಕೇ ವಾರ ತಡೆದೆ. ಹೋದರೆ ಹೋಗಲಿ, ನೀನು ತೆಗೆಸು. ಏನು ಬಂತೆಂದು ಫೋನು ಮಾಡು, ಈ ಸಲ ನಾನು ನಡುವೆ ಬಾಯಿ ಹಾಕುವುದಿಲ್ಲ.