ಡ್ಯಾಶ್‌ಬೋರ್ಡಿನ ಹಿಂದಿದ್ದ ಬಿಳಿ ವೈರು

ಬಾಗಲಗುಂಟೆ, ಬೆಂಗಳೂರು
೨೦ ಸೆಪ್ಟೆಂಬರ್ ೧೯೮೩

ಪ್ರೀತಿಯ ತಮ್ಮ ಸೀನ,

ಭಿಲಾಯಿಯಲ್ಲಿ ನೀನೂ ವತ್ಸಲಾಳೂ ಆರೋಗ್ಯವಾಗಿದ್ದೀರಿ ತಾನೆ? ನಿನ್ನ ಸೊಂಟ ಹೇಗಿದೆ? ಯುಗಾದಿಗೆ ಬರೆದ ಕಾರ್ಡಿನಲ್ಲಿ ಒಂದೇ ಸಾಲು ಇತ್ತು, "ಸೊಂಟ ಹಿಡಿದಿದೆ, ಬೇರೆ ವಿಶೇಷವಿಲ್ಲ" ಅಂತ. ಅಮ್ಮ ಅದನ್ನು ನನ್ನಿಂದ ಮೂರು ಸಲ ಓದಿಸಿದಳು. ಮೂರನೇ ಸಲ ಓದಿದರೆ ಎರಡನೇ ಸಾಲು ಹುಟ್ಟೀತು ಎಂಬ ಆಸೆ ಅವಳಿಗೆ. ಎಡಗಣ್ಣಿನ ಪೊರೆ ತೆಗೆಸಿದ ಮೇಲೆ ಅವಳಿಗೆ ಈಗ ಎಲ್ಲ ಕಾಣುತ್ತದೆ, ಮುಖ್ಯವಾಗಿ ನಾನು ಕಾಫಿಗೆ ಹಾಕಿಕೊಳ್ಳುವ ಎರಡನೇ ಚಮಚ ಸಕ್ಕರೆ. ನಿನ್ನ ಅತ್ತಿಗೆ ಎಂದಿನಂತೆ ಗಟ್ಟಿಯಾಗಿದ್ದಾಳೆ. ನನಗೆ ರಕ್ತದೊತ್ತಡ ಎಂದು ಕಾರ್ಖಾನೆಯ ಡಾಕ್ಟರು ಹೇಳಿದ್ದಾರೆ. ಪೇಪರ್ ಓದುವುದನ್ನು ಬಿಟ್ಟರೆ ಇಳಿಯುತ್ತದಂತೆ.

ಊರಿನ ವಿಷಯದಲ್ಲಿ ಹೇಳುವಂಥದ್ದು ಕಡಿಮೆ, ಬೈಯುವಂಥದ್ದು ಬೇಕಾದಷ್ಟಿದೆ. ನೀನು ರೈಲು ಹತ್ತಿದಾಗ ಪೀಣ್ಯದ ಕಡೆ ರಾಗಿ ಹೊಲಗಳಿದ್ದವು. ಈಗ ಆ ಕಡೆಯಿಂದ ಗಾಳಿ ಬೀಸಿದರೆ ಒಣಹಾಕಿದ ಬಟ್ಟೆಯ ಮೇಲೆ ಫೌಂಡ್ರಿಯ ಕರಿ ಕೂರುತ್ತದೆ. ಸಂಜೆಗೊಂದು ಸಲ ಕರೆಂಟು ಹೋಗುವುದು ಸೂರ್ಯ ಮುಳುಗುವಷ್ಟೇ ಖಚಿತವಾಗಿದೆ. ರಸ್ತೆ ಅಗಲ ಮಾಡುತ್ತೇವೆಂದು ತುಮಕೂರು ರಸ್ತೆಯ ಮರಗಳಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆದು ಹೋಗಿದ್ದಾರೆ. ನಾನು ಪತ್ರಿಕೆಗೆ ಒಂದು ಉದ್ದದ ಪತ್ರ ಬರೆದೆ. ಯಾವ ಮರದ ಕೆಳಗೆ ಯಾರು ಎಳನೀರು ಮಾರುತ್ತಿದ್ದರು, ಯಾವುದರ ನೆರಳಲ್ಲಿ ಬಸ್ಸು ನಿಲ್ಲುತ್ತಿತ್ತು, ಎಲ್ಲವನ್ನೂ ಇಸವಿ ಸಮೇತ ಬರೆದಿದ್ದೆ. ಸಂಪಾದಕರು ನೆನಪನ್ನೆಲ್ಲ ಕತ್ತರಿಸಿ ದೂರನ್ನು ಮಾತ್ರ ಅಚ್ಚು ಹಾಕಿದರು. ಈ ಊರಿನಲ್ಲಿ ಜ್ಞಾಪಕ ಇಟ್ಟುಕೊಂಡವನು ಒಬ್ಬನಾದರೂ ಇರಲಿ ಎಂದು ನಾನೇ ಆ ಕೆಲಸ ವಹಿಸಿಕೊಂಡಿದ್ದೇನೆ. ಯಾರು ಯಾವಾಗ ಏನು ತಪ್ಪು ಮಾಡಿದರೆಂಬುದು ನನ್ನಲ್ಲಿ ತಾರೀಖಿನ ಪ್ರಕಾರ ಇದೆ.

ಈಗ ವಿಷಯಕ್ಕೆ ಬರುತ್ತೇನೆ. ಅಪ್ಪನ ಕಾರನ್ನು ಬಿಚ್ಚಿದ್ದೇನೆ. ಇದನ್ನು ಓದಿದ ಕೂಡಲೇ ನಿನ್ನ ಹುಬ್ಬು ಗಂಟಾಗುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ಆದರೂ ಪೂರ್ತಿ ಓದು.

ಗಣೇಶನನ್ನು ಬಿಟ್ಟ ಮಾರನೆಯ ದಿನ ಅಮ್ಮ ಷೆಡ್ಡಿನ ಬಾಗಿಲಲ್ಲಿ ನಿಂತು, "ಹತ್ತೊಂಬತ್ತು ವರ್ಷದಿಂದ ಸತ್ತ ಗಾಡಿಗೆ ಕುಂಕುಮ ಇಡ್ತಿದೀನಿ ಕಣೋ ಜಯು. ಈ ಆಯುಧಪೂಜೆಗೆ ಅದು ಉಸಿರಾಡ್ತಿರಬೇಕು. ಇಲ್ಲಾಂದ್ರೆ ತಟ್ಟೆ ಹಿಡ್ಕೊಂಡು ನಾನು ಈ ಕಡೆ ಬರಲ್ಲ" ಎಂದಳು. ಅಪ್ಪ ಬದುಕಿದ್ದಾಗ ಆ ಟಾರ್ಪಾಲಿನ ಅಂಚನ್ನು ಸರಿಸಲೂ ಬಿಡುತ್ತಿರಲಿಲ್ಲ. ವರ್ಷಕ್ಕೊಮ್ಮೆ ಪೂಜೆಗೆ ಮಾತ್ರ ತೆಗೆಯುವುದು, ಆಗ ನಾನು ಹ್ಯಾಂಡಲ್ ಹಾಕಿ ಎಂಜಿನ್ನನ್ನು ನಾಲ್ಕು ಸುತ್ತು ತಿರುಗಿಸಿ ಎಣ್ಣೆ ಬಿಡುವುದು, ಮತ್ತೆ ಮುಚ್ಚುವುದು. ಡ್ಯಾಶ್‌ಬೋರ್ಡನ್ನು ಮುಟ್ಟಕೂಡದು ಎಂದು ಅಪ್ಪ ಕಟ್ಟು ಮಾಡಿದ್ದರು. ಅವರು ತೀರಿಕೊಂಡು ಐದು ವರ್ಷವಾದರೂ ನಾನದನ್ನು ಮುರಿದಿರಲಿಲ್ಲ. ಒತ್ತಾಯ ಮಾಡುವವರೂ ಇರಲಿಲ್ಲ ಎಂದಿಟ್ಟುಕೊ.

ಟಾರ್ಪಾಲು ತೆಗೆದಾಗ ಬಂದ ವಾಸನೆ ನಿನಗೂ ಬರಬೇಕಿತ್ತು. ಹಳೆಯ ಚರ್ಮದ ಸೀಟು, ಪೆಟ್ರೋಲು, ಅದರಲ್ಲಿ ಒಂದಿಷ್ಟು ಅಪ್ಪನ ನಶ್ಯ. ಊರಿಗೆ ಹಿಂತಿರುಗುತ್ತಿದ್ದ ಇಂಗ್ಲಿಷ್ ಎಂಜಿನಿಯರಿಂದ ಅಪ್ಪ ಕಾರನ್ನು ಕೊಂಡು ತಂದ ದಿನ ಕ್ವಾರ್ಟರ್ಸಿನ ಮಕ್ಕಳೆಲ್ಲ ಹಿಂದೆ ಓಡಿ ಬಂದಿದ್ದು, ನಕ್ಷೆ ಬರೆಯುವ ವೆಂಕಟಸುಬ್ಬಯ್ಯನವರು ಕಾರು ಕೊಂಡರೆಂದು ಕಾರ್ಖಾನೆಯಲ್ಲಿ ಒಂದು ವಾರ ಮಾತಾಗಿದ್ದು, ನೀನು ಶಾಲೆಗೆ ಹೋಗುವ ಮೊದಲು ಚಡ್ಡಿಯ ತುದಿಯಿಂದ ಅದರ ಹಿತ್ತಾಳೆ ಒರೆಸಿ ಹೋಗುತ್ತಿದ್ದದ್ದು, ಎಲ್ಲ ಕಣ್ಣ ಮುಂದೆ ಬಂತು. ತಿರುಗುವಾಗ ಪಕ್ಕದಿಂದ ಏಳುತ್ತಿದ್ದ ಸಿಗ್ನಲಿನ ಆ ಪುಟ್ಟ ಕೆಂಪು ಕೈಯನ್ನು ನೋಡಲೆಂದೇ ನಮ್ಮ ಪಂಕಜಕ್ಕ ಬೇಡದ ರಸ್ತೆಗಳಿಗೆಲ್ಲ ಅಪ್ಪನನ್ನು ತಿರುಗಿಸುತ್ತಿದ್ದಳು, ನೆನಪಿದೆಯಾ?

ಆ ಆಯುಧಪೂಜೆಯ ಸಂಜೆಯೂ ನಿನಗೆ ನೆನಪಿರುತ್ತದೆ, ಮರೆಯಲು ಸಾಧ್ಯವಿಲ್ಲ. ಅರವತ್ತನಾಲ್ಕನೇ ಇಸವಿ. ಹಿಂದಿನ ವಾರವಷ್ಟೇ ನೀನು ಡ್ಯಾಶ್‌ಬೋರ್ಡಿನ ವೈರಿಂಗನ್ನೆಲ್ಲ ಹೊಸದಾಗಿ ಮಾಡಿ, ಎಷ್ಟು ಕರೆಂಟು ಬರುತ್ತದೆ ಹೋಗುತ್ತದೆ ಎಂದು ತೋರಿಸುವ ಆಂಪಿಯರ್ ಮೀಟರು ಕೂರಿಸಿದ್ದೆ. ಐ.ಟಿ.ಐ. ಓದುತ್ತಿದ್ದ ಹತ್ತೊಂಬತ್ತರ ಹುಡುಗ. ಪೂಜೆ ಮುಗಿಸಿ ಪಂಕಜಕ್ಕನ ಮನೆಗೆಂದು ನೆಲಮಂಗಲಕ್ಕೆ ಹೊರಟೆವು. ಕತ್ತಲಾಗುತ್ತಿತ್ತು. ಅಪ್ಪ ದೀಪ ಹಾಕಿ ಎರಡು ಮೈಲಿ ಹೋಗಿರಲಿಲ್ಲ, ಡ್ಯಾಶ್‌ಬೋರ್ಡಿನಿಂದ ಹೊಗೆ ಬಂತು, ಮುಂದಿನ ದೀಪಗಳೆರಡೂ ಆರಿದವು, ಕಾರು ರಸ್ತೆ ಪಕ್ಕದ ಹಳ್ಳಕ್ಕೆ ಇಳಿಯಿತು. ಅಪ್ಪನ ಬಲಗೈ ಮಣಿಕಟ್ಟು ಮುರಿಯಿತು. ಕೂಡಿಕೊಂಡಿತು, ಆದರೆ ಆ ಕೈಯಿಂದ ಅವರು ಮತ್ತೆ ನೇರವಾದ ಒಂದು ಗೆರೆ ಎಳೆಯಲಿಲ್ಲ. ಆಸ್ಪತ್ರೆಯಿಂದ ಬಂದ ದಿನ ನೀನು, "ನಾನು ಹಾಕಿದ ವೈರು ಸುಡಲ್ಲ ಅಪ್ಪಾ, ಬಿಚ್ಚಿ ನೋಡೋಣ" ಅಂದೆ. ಅವರು, "ನನ್ನ ಕೈ ಮುರಿದದ್ದು ರಸ್ತೆಯಲ್ಲ, ನೀನು. ಇನ್ನು ಮೇಲೆ ನನ್ನ ಗಾಡಿ ಮುಟ್ಟಬೇಡ" ಅಂದರು. ಮೂರನೆಯ ದಿನ ನೀನು ಹೊರಟೆ. ಅಪ್ಪನ ಕರ್ಮಕ್ಕೆ ಬಂದಾಗಲೂ ಹದಿಮೂರು ದಿನ ಈ ಮನೆಯಲ್ಲಿದ್ದು ಷೆಡ್ಡಿನ ಕಡೆ ತಲೆ ಹಾಕಲಿಲ್ಲ.

ನನಗೆ ಸಹಾಯಕ್ಕೆ ಬಂದವನು ಚಿನ್ನಪ್ಪ. ಅಂದು ನಮ್ಮ ಕಾರನ್ನು ಎತ್ತು ಕಟ್ಟಿ ಹಳ್ಳದಿಂದ ಎಳೆದನಲ್ಲ ಮುನಿಯಣ್ಣ, ಅವನ ಮಗ. ಅವರ ಹೊಲವೆಲ್ಲ ಕೈಗಾರಿಕಾ ಪ್ರದೇಶಕ್ಕೆ ಹೋಯಿತು. ಈಗ ಇವನು ರಾಜಗೋಪಾಲನಗರದಲ್ಲಿ ಲಾರಿಗಳ ವೈರಿಂಗು ಮಾಡುವ ಅಂಗಡಿ ಇಟ್ಟಿದ್ದಾನೆ. ನಾನು ಎರಡು ಸಂಜೆ ಕೂತು ಗ್ರಾಫ್ ಹಾಳೆಯ ಮೇಲೆ ಇಡೀ ಕಾರಿನ ವೈರಿಂಗ್ ನಕ್ಷೆ ಬರೆದು, ಒಂದೊಂದಕ್ಕೂ ಒಂದು ಬಣ್ಣ ಕೊಟ್ಟು ಇಟ್ಟಿದ್ದೆ. ಅವನು ಅದನ್ನು ಗೌರವದಿಂದಲೇ ನೋಡಿ, ಮಡಿಸಿ, ಬೀಡಿ ಕಟ್ಟಿನ ಕೆಳಗೆ ಇಟ್ಟ. ಅವನ ಹತ್ತಿರ ಇದ್ದದ್ದು ಎರಡು ವೈರು ಕಟ್ಟಿದ ಒಂದು ಬಲ್ಬು, ಅಷ್ಟೆ. "ಬ್ಯಾಟ್ರಿಯಿಂದ ಒಂದೊಂದೇ ಎಜ್ಜೆ ಓಗಾಣ ಸಾರ್. ಬಲ್ಬು ಎಲ್ಲಿ ಸಾಯ್ತದೋ ಅಲ್ಲೇ ಕಾಯಿಲೆ" ಎಂದ. ಇಪ್ಪತ್ತೆಂಟು ವರ್ಷದ ನನ್ನ ಸರ್ವೀಸಿನಲ್ಲಿ ಇಷ್ಟು ಚೊಕ್ಕವಾಗಿ ಯಾವ ಮೇಲಧಿಕಾರಿಯೂ ಹೇಳಿರಲಿಲ್ಲ.

ಮೊದಲ ತಪ್ಪು ನನ್ನದೇ. ಹೊಸ ಬ್ಯಾಟರಿ ತಂದು, ನಮ್ಮ ಕಾರ್ಖಾನೆಯ ಗಾಡಿಗಳಿಗೆ ಮಾಡುವ ಹಾಗೆ ಮೈನಸ್ಸನ್ನು ಕಾರಿನ ಮೈಗೆ ಸೇರಿಸಿದೆ. ಬ್ರೇಕ್ ತುಳಿದರೆ ಹಿಂದಿನ ಕೆಂಪು ದೀಪವೇನೋ ಹತ್ತಿತು. ಆದರೆ ನಿನ್ನ ಮೀಟರಿನ ಮುಳ್ಳು, ಬ್ಯಾಟರಿ ಖರ್ಚಾಗುತ್ತಿದೆ ಎನ್ನುವ ಬದಲು ತುಂಬುತ್ತಿದೆ ಎಂದಿತು. ಚಿನ್ನಪ್ಪ ನಕ್ಕು, ದೀಪ ಹಚ್ಚಿದಷ್ಟೂ ಕರೆಂಟು ಹುಟ್ಟುವುದಾದರೆ ಈ ಕಾರನ್ನು ವಿದ್ಯುತ್ ಮಂಡಳಿಗೆ ಕೊಟ್ಟುಬಿಡಿ, ಸಂಜೆ ಹೊತ್ತು ಕರೆಂಟು ಹೋಗುವುದು ತಪ್ಪುತ್ತದೆ ಎಂದ. ಆಮೇಲೆ ಬ್ಯಾಟರಿ ಕೇಬಲ್ಲಿನ ಬುಡದಲ್ಲಿ ಮೇಣ ಹಚ್ಚಿದ ಬಟ್ಟೆಯ ಚೀಟಿಯೊಂದು ಕಂಡಿತು. ನಿನ್ನ ಅಕ್ಷರ. "ಈ ಗಾಡಿಯ ಮೈಗೆ ಸೇರಬೇಕಾದದ್ದು ಪ್ಲಸ್ಸು. ತಿರುಗಿಸಬೇಡಿ. ಮುಖ್ಯವಾಗಿ ಅಣ್ಣ." ನಾನು ಅದನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ.

ಬ್ಯಾಟರಿ ಸರಿಮಾಡಿದ ಮೇಲೂ ತಾಪತ್ರಯ ಮುಗಿಯಲಿಲ್ಲ. ಗಾಜು ಒರೆಸುವ ಸ್ವಿಚ್ಚು ಒತ್ತಿದರೆ ಹಾರ್ನ್ ಕೂಗುತ್ತಿತ್ತು. ಖಾಲಿ ಟ್ಯಾಂಕನ್ನು ಪೆಟ್ರೋಲಿನ ಮುಳ್ಳು ತುಂಬಿದೆ ಎನ್ನುತ್ತಿತ್ತು. ಮುಂದಿನ ದೀಪಗಳು ಏನು ಮಾಡಿದರೂ ಹತ್ತಲೊಲ್ಲವು. ಕೊನೆಗೆ ನಾಲ್ಕು ತಿರುಪು ಬಿಚ್ಚಿ ಡ್ಯಾಶ್‌ಬೋರ್ಡನ್ನೇ ಮುಂದಕ್ಕೆ ಬಗ್ಗಿಸಿದೆವು. ಹತ್ತೊಂಬತ್ತು ವರ್ಷದ ಮೇಲೆ ಅಲ್ಲಿಗೆ ಬೆಳಕು ಬಿತ್ತು.

ಸೀನ, ನಿನ್ನ ಕೆಲಸವನ್ನು ನಾನು ಆ ದಿನ ಮೊದಲ ಸಲ ನೋಡಿದೆ. ವೈರುಗಳನ್ನೆಲ್ಲ ಜಡೆ ಹೆಣೆದ ಹಾಗೆ ಜೋಡಿಸಿ, ಗೇಣಿಗೊಂದು ಕಡೆ ಮೇಣದ ದಾರ ಕಟ್ಟಿದ್ದೀಯ. ಪ್ರತಿ ಜೋಡಣೆಗೂ ಬೆಸುಗೆ, ಬೆಸುಗೆಯ ಮೇಲೆ ರಬ್ಬರು ಟೇಪು, ತುದಿಯಲ್ಲಿ ಚೀಟಿ. ಚಿನ್ನಪ್ಪ ಒಂದೊಂದು ಚೀಟಿಯನ್ನೂ ತಿರುಗಿಸಿ ನೋಡಿದ. ಆಮೇಲೆ, ಇದನ್ನು ಮಾಡಿದವರು ಯಾರು, ಅವರ ಕೈ ಕೆಳಗೆ ಕಲಿಯಬಹುದಾ ಎಂದು ಕೇಳಿದ. ಅವುಗಳ ಮಧ್ಯೆ ಇನ್ನೊಂದು ವೈರಿತ್ತು. ಮನೆಯ ಬೆಲ್ಲಿಗೆ ಹಾಕುವಂಥ ತೆಳುವಾದ ಬಿಳಿ ವೈರು. ಫ್ಯೂಸಿಲ್ಲದೆ ನೇರವಾಗಿ ಮೀಟರಿನ ತುದಿಗೆ ಸುತ್ತಿ, ಬೆಸುಗೆಯಿಲ್ಲ, ಟೇಪಿಲ್ಲ, ಪಂಚೆಯ ಅಂಚಿನ ಒಂದು ಚೂರು ಬಟ್ಟೆ ಕಟ್ಟಿ ಬಿಟ್ಟಿದ್ದರು. ಅದು ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ್ದ ಚಾಮುಂಡಿಯ ಪಟದ ಮುಂದಿನ ಪುಟ್ಟ ಬಲ್ಬಿಗೆ ಹೋಗುತ್ತಿತ್ತು. ತಗಡಿನ ಅಂಚಿಗೆ ತಗುಲಿ ಉಜ್ಜಿ, ಅಲ್ಲಿಂದಲೇ ಸುಟ್ಟಿದೆ. ಪಕ್ಕದಲ್ಲಿದ್ದ ಮುಂದಿನ ದೀಪ, ಹಾರ್ನ್, ಗಾಜು ಒರೆಸುವುದು, ಪೆಟ್ರೋಲಿನ ಮುಳ್ಳು, ಎಲ್ಲದರ ವೈರನ್ನೂ ಕರಗಿಸಿ ಒಂದೇ ಮುದ್ದೆ ಮಾಡಿದೆ. ನೀನು ಹಾಕಿದ್ದರಲ್ಲಿ ತಾನಾಗಿ ಸುಟ್ಟದ್ದು ಒಂದೂ ಇಲ್ಲ. ಇದನ್ನು ನಾನು ಅಮ್ಮನ ಮುಂದೆ, ನಿನ್ನ ಅತ್ತಿಗೆಯ ಮುಂದೆ, ನೆಲಮಂಗಲದಿಂದ ಪಂಕಜಕ್ಕನನ್ನು ಕರೆಸಿ ಅವಳ ಮುಂದೆ ಗಟ್ಟಿಯಾಗಿ ಹೇಳಿದ್ದೇನೆ.

ಚಿನ್ನಪ್ಪ ಆ ಬಟ್ಟೆಯ ಚೂರನ್ನು ಬೆರಳಲ್ಲಿ ಉಜ್ಜಿ, "ಇದು ಮೆಕ್ಯಾನಿಕ್ ಮಾಡಿರೋ ಕೆಲ್ಸ ಅಲ್ಲ ಸಾರ್. ಯಾರೋ ಓದಿರೋರು ಮಾಡವ್ರೆ. ಮೆಕ್ಯಾನಿಕ್ ಆದ್ರೆ ಎದರ್ಕೊಂತಾನೆ" ಎಂದ. ಯಾರು ಸಾರ್ ಅದು ಎಂದೂ ಕೇಳಿದ. ನಾನು ಊಟಕ್ಕೆ ಹೊತ್ತಾಯಿತು ಎಂದೆ.

ಸುಟ್ಟದ್ದನ್ನು ತೆಗೆದು ಹೊಸ ವೈರು ಹಾಕಿದ ಮೇಲೂ ಒಂದು ಕಾಟ ಉಳಿದಿತ್ತು. ಪಕ್ಕದ ಕೆಂಪು ಕೈ ಎತ್ತಿದರೆ ಮೀಟರುಗಳ ದೀಪ ಮಂಕಾಗಿ ಪೆಟ್ರೋಲಿನ ಮುಳ್ಳು ಕುಣಿಯುತ್ತಿತ್ತು. "ಕರೆಂಟು ಓಯ್ತದೆ ಸಾರ್, ವಾಪಸ್ ಬರಾಕೆ ದಾರಿ ಇಲ್ಲ" ಎಂದ ಚಿನ್ನಪ್ಪ. ಹುಡುಕಿದರೆ, ಡ್ಯಾಶ್‌ಬೋರ್ಡನ್ನು ಕಾರಿನ ಮೈಗೆ ಸೇರಿಸುವ, ನಾವು ಬಿಚ್ಚಿರದ ಇನ್ನೊಂದು ತಿರುಪಿನ ತಲೆಯಿಂದ ಬುಡದವರೆಗೆ ಅರಿಶಿನ, ಗಂಧ, ಕುಂಕುಮ ಗಾರೆಯ ಹಾಗೆ ಗಟ್ಟಿಯಾಗಿ ಕೂತಿದ್ದವು. ಹತ್ತೊಂಬತ್ತು ಆಯುಧಪೂಜೆಗಳದ್ದು. ಅಮ್ಮ ಪ್ರತಿ ವರ್ಷ ಅದೇ ತಿರುಪಿಗೆ ಬೊಟ್ಟು ಇಡುತ್ತಿದ್ದಳು, ನೀನು ಕೊನೆಯಲ್ಲಿ ಬಿಗಿ ಮಾಡಿದ ತಿರುಪು ಅದು ಅಂತ. ನನಗೆ ಈ ವಿಷಯ ಗೊತ್ತೇ ಇರಲಿಲ್ಲ. ಕೆರೆಯುವ ಮೊದಲು ಅವಳ ಅಪ್ಪಣೆ ಕೇಳಿದೆವು. "ಕೆರೀರಿ. ಅವನು ಬಂದ್ರೆ ಬೇರೆ ಇಡ್ತೀನಿ" ಎಂದಳು.

ಮೊನ್ನೆ ಶನಿವಾರ ಸಂಜೆ ಕಾರು ಹೊರಟಿತು. ಕರೆಂಟು ಹೋಗಿತ್ತು, ಬಾಗಲಗುಂಟೆಯ ನಮ್ಮ ಇಡೀ ಬೀದಿಯಲ್ಲಿ ನಮ್ಮ ಕಾರಿನ ಎರಡು ದೀಪ ಮಾತ್ರ. ಅಕ್ಕಪಕ್ಕದವರು ಬಂದು ನಿಂತು ನೋಡಿದರು. ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆ, ಗೇಟಿನವರೆಗೆ ಹೋಗುವಷ್ಟರಲ್ಲಿ ಸಾಕು ಎಂದಳು. ಇನ್ನು ನೀನು ಓಡಿಸಿದರೇ ಅವಳು ಕೂರುವುದಂತೆ. ಆಯುಧಪೂಜೆಗೆ ನಾಲ್ಕು ವಾರವೂ ಇಲ್ಲ. ರಜ ಕೇಳು. ದೇವಿಯ ಪಟದ ಮುಂದಿನ ಬಲ್ಬಿಗೆ ನಾವಿನ್ನೂ ವೈರು ಎಳೆದಿಲ್ಲ. ಫ್ಯೂಸ್ ಹಾಕಿ ಎಳೆಯಲು ಗೊತ್ತಿರುವವನು ಬಂದು ಎಳೆಯಲಿ ಎಂದು ಬಿಟ್ಟಿದ್ದೇನೆ. ಪಂಕಜಕ್ಕನೂ ಅಂದು ಊಟಕ್ಕೆ ಕಾಯುತ್ತಾಳೆ, ಆ ದಾರಿ ನಾವು ಇನ್ನೂ ಮುಗಿಸಿಲ್ಲ.

ವತ್ಸಲಾಳಿಗೆ ನನ್ನ ಆಶೀರ್ವಾದ ತಿಳಿಸು. ಸೊಂಟಕ್ಕೆ ಹಚ್ಚಲು ಅತ್ತಿಗೆ ಎಣ್ಣೆ ಕಾಯಿಸಿ ಇಟ್ಟಿದ್ದಾಳೆ, ಅಂಚೆಯಲ್ಲಿ ಕಳಿಸುವುದಿಲ್ಲ, ಬಂದೇ ತೆಗೆದುಕೊಂಡು ಹೋಗಬೇಕಂತೆ. ಅಮ್ಮ ನಿನ್ನ ತಲೆ ಸವರಿದಳೆಂದು ಬರೆಯಲು ಹೇಳಿದ್ದಾಳೆ.

ನಿನ್ನ ಅಣ್ಣ,
ಜಯಸಿಂಹ

ಮತ್ತೆ: ಅಂಟಿಸಿದ ಲಕೋಟೆಯನ್ನು ಬಿಡಿಸಿ ಬರೆಯುತ್ತಿದ್ದೇನೆ, ಅಂಚು ಹರಿದಿರುವುದು ಅದಕ್ಕೇ. ಐದಕ್ಕೆ ಅಂಚೆ ಡಬ್ಬಿ ತೆಗೆಯುತ್ತಾರೆ. ಆ ಬಿಳಿ ವೈರು ಸುತ್ತಿದವನು ನಾನು. ಆ ಬೆಳಿಗ್ಗೆ ನೀನು ಹೂವು ತರಲು ಹೋಗಿದ್ದೆ. ದೇವಿಯ ಮುಂದೆ ಒಂದು ದೀಪ ಇದ್ದರೆ ಚೆನ್ನ ಎಂದು ಅಮ್ಮ ಅಂದಳು. ಸೀನ ಬರಲಿ ಎನ್ನಬಹುದಿತ್ತು. ನಾನು ಸೂಪರ್‌ವೈಸರ್ ಆಗಿ ಎರಡು ತಿಂಗಳಾಗಿತ್ತು, ತಮ್ಮನಿಗಾಗಿ ಯಾಕೆ ಕಾಯಲಿ ಅನ್ನಿಸಿತು. ಡ್ಯಾಶ್‌ಬೋರ್ಡಿನ ಕೆಳಗಿನಿಂದ ಕೈ ತೂರಿಸಿ ಸುತ್ತಿದೆ, ಐದು ನಿಮಿಷದ ಕೆಲಸ. ಸಂಜೆ ಹೊಗೆ ಬಂದಾಗ ಮೊದಲು ಮೂಗಿಗೆ ಬಂದದ್ದು ಸುಟ್ಟ ಬಟ್ಟೆಯ ವಾಸನೆ. ನೀನು ಎಲ್ಲೂ ಬಟ್ಟೆ ಸುತ್ತುವವನಲ್ಲ. ನನಗೆ ಆಗಲೇ ಗೊತ್ತಾಯಿತು. ಅಪ್ಪ ನಿನಗೆ ಆ ಮಾತು ಹೇಳುವಾಗ ನಾನು ಬಾಗಿಲಲ್ಲೇ ನಿಂತಿದ್ದೆ, ನಾಳೆ ಹೇಳೋಣ ಎಂದುಕೊಂಡೆ. ಮೂರನೆಯ ದಿನ ಸ್ಟೇಷನ್ನಿನಲ್ಲಿ ನಿನ್ನ ಟ್ರಂಕನ್ನು ರೈಲಿಗೆ ಏರಿಸಿದವನೂ ನಾನೇ. ಅಪ್ಪನಿಗೆ ಕೊನೆಯವರೆಗೂ ಹೇಳಲಿಲ್ಲ. ಆ ದೀಪವನ್ನೂ ನೀನೇ ಹಾಕಿದ್ದೆಂದು ತಿಳಿದಿದ್ದ ಅಮ್ಮನಿಗೆ ಇವತ್ತು ಮಧ್ಯಾಹ್ನ ಹೇಳಿದೆ. ಅವಳು ಬಿಡಿಸುತ್ತಿದ್ದ ಕಡಲೆಕಾಯಿಯನ್ನು ಪೂರ್ತಿ ಮುಗಿಸಿದಳು. ಆಮೇಲೆ, "ಅವನಿಗೆ ಬರೆದಿದೀಯಾ?" ಅಂದಳು. ಬರೆದಿದ್ದೇನೆ ಎಂದೆ. ಅದೂ ಸುಳ್ಳಾಗಿತ್ತು. ಈಗ ಅಲ್ಲ.