ಗ್ಯಾಸ್ ಅಲ್ಲ, ಸುಧಾಕರಣ್ಣ

ಲಾಯಿಲದ ಸುಧಾಕರಣ್ಣನಿಗೆ ಮಡಂತ್ಯಾರಿನಿಂದ ಸಬೀಹಾ ಬರೆಯುವುದು.

ಕ್ಷೇಮ ವಿಚಾರಿಸಿ ಪತ್ರ ಶುರು ಮಾಡಬೇಕೆಂದು ಶಾಲೆಯಲ್ಲಿ ಮಕ್ಕಳಿಗೆ ನಾನೇ ಕಲಿಸುತ್ತೇನೆ. ನಿಮ್ಮ ಕ್ಷೇಮ ಎಷ್ಟರಮಟ್ಟಿಗೆ ಉಂಟು ಎಂದು ನಿನ್ನೆ ಸಂಜೆ ಕಣ್ಣಾರೆ ನೋಡಿದ್ದೇನೆ, ಹಾಗಾಗಿ ಕೇಳುವುದಿಲ್ಲ. ಓದಿ ಬೇಜಾರಾದರೆ ಆಗಲಿ.

ಇವರು ತೀರಿಕೊಂಡ ಮೇಲೆ, ಗಂಡ ಹೋದವಳು ಮನೆಯೊಳಗೇ ಇರಬೇಕಾದ ಇದ್ದತ್ ಮುಗಿಯುವ ತನಕ ನಾನು ಹೊಸ್ತಿಲು ದಾಟಲಿಲ್ಲ. ನೀವು ಬಂದಾಗಲೂ ಜಗಲಿಯಲ್ಲಿ ಕೂತು ನನ್ನ ಅಣ್ಣನ ಹತ್ತಿರ ಮಾತಾಡಿ ಹೋಗುತ್ತಿದ್ದಿರಿ. ಒಮ್ಮೆ ಜೋರಾಗಿ ಅತ್ತಿರಿ. ಒಳಗೆ ಕೇಳಿಸಿಕೊಂಡ ನಾನೂ ಅತ್ತೆ. ನನ್ನ ಶುಕೂರ್‌ಗೆ ಎಂಥಾ ಸ್ನೇಹಿತರಿದ್ದರು ಎಂದು ಆ ದುಃಖದಲ್ಲೂ ಹೆಮ್ಮೆ ಆಯಿತು.

ಇದ್ದತ್ ಮುಗಿಸಿ ನಿನ್ನೆ ಸಂಜೆ ನಾನು ಮೊದಲು ಹೋದದ್ದು ನಿಮ್ಮ ಪ್ಯಾಡೆಲ್ ಕ್ಲಬ್ಬಿಗೆ. ಇವರ ಶೂ, ಬ್ಯಾಟು ಅಲ್ಲೇ ಉಳಿದಿದ್ದವು. ಹೊರಗಿನಿಂದ ಅದು ಈಗಲೂ ಹಳೆಯ ಮರದ ಗೋದಾಮೇ. ಒಳಗೆ ನೀಲಿ ನೆಲ, ಸುತ್ತ ಗಾಜಿನ ಗೋಡೆ, ಕಣ್ಣು ಕುಕ್ಕುವ ದೀಪಗಳು. ಟೆನಿಸಿನಂಥದ್ದೇ ಆಟ, ಆದರೆ ಚೆಂಡು ಹಿಂದಿನ ಗಾಜಿಗೆ ಬಡಿದು ಮರಳಿ ಬಂದರೂ ಆಟ ನಿಲ್ಲುವುದಿಲ್ಲ, ಮತ್ತೆ ಹೊಡೆಯುತ್ತೀರಿ. ಇಂಥದ್ದನ್ನು ನೋಡಿಯೇ ಇರಲಿಲ್ಲ. ಅಲ್ಲಿದ್ದವರ ಹತ್ತಿರ ಕೇಳಿದೆ, ಈ ಜಾಗ ಹೇಗುಂಟು ಎಂದು. ಬ್ಯಾಂಕಿನ ಒಬ್ಬರು ತಮ್ಮ ಶುಗರ್ ಇಳಿದದ್ದು ಇಲ್ಲಿಂದಲೇ ಎಂದರು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, "ಟೀಚರ್, ಎಷ್ಟು ಮಳೆ ಬಂದ್ರೂ ಆಡ್ಬಹುದು. ಹೆಂಗಸರು ಓಡಿದ್ರೆ ಇಲ್ಲಿ ಯಾರೂ ನಗುವುದಿಲ್ಲ" ಎಂದಳು. ತಗಡಿನ ಮಾಡು, ಸೆಕೆ ಜಾಸ್ತಿ ಎಂಬುದೊಂದೇ ದೂರು.

ನಾನು ಅವರ ಮಾತನ್ನು ನಂಬಿದೆ. ಗಲ್ಫಿನ ದಮ್ಮಾಮ್‌ನಿಂದ ಬಂದ ಮೇಲೆ ಇವರು ಟೈಲ್ಸ್ ಅಂಗಡಿ ಬಿಟ್ಟರೆ ಮೊಬೈಲು, ಮೊಬೈಲು ಬಿಟ್ಟರೆ ಮಂಚ ಎಂಬಂತೆ ಇದ್ದರು. ನಿಮ್ಮ ಜೊತೆ ಸೇರಿದ ಮೇಲೆ ಒದ್ದೆ ಟೀ ಶರ್ಟಿನಲ್ಲೇ ಊಟಕ್ಕೆ ಕೂತು, ನೀವು ಬಿದ್ದದ್ದನ್ನು ಹೇಳಿ ಹೇಳಿ ನಗುತ್ತಿದ್ದರು. ನನ್ನ ಸಿಟ್ಟು ಆಟದ ಮೇಲೆ ಅಲ್ಲ.

ಆಗ ನಿಮ್ಮ ತಂಡದ ಇಮ್ತಿಯಾಝ್ ಬಂದ. ಕಣ್ಣಲ್ಲಿ ನೀರು ತುಂಬಿಕೊಂಡು ಇವರನ್ನು ಹೊಗಳಿದ. "ಶುಕೂರಾಕನ ಹಾಗೆ ಆಡುವವರು ಯಾರೂ ಇಲ್ಲ. ಕಡೆಯ ಒಂದು ತಿಂಗಳು ಎದೆ ಹಿಡೀತಿತ್ತು. ಈ ಬೆಂಚಲ್ಲಿ ಕೂತು ಸೋಡಾ ಕುಡಿದು ಪುನಃ ಎದ್ದು ಆಡ್ತಿದ್ರು. ನಾನು ಬಾರದಿದ್ರೆ ನಿಮ್ಮ ಮೂರು ಜನರ ಆಟ ಹಾಳಾಗ್ತದೆ ಅಂತ ಒಂದು ದಿವಸ ತಪ್ಪಿಸ್ಲಿಲ್ಲ." ಮನೆಗೆ ಒಂದು ಮಾತು ಹೇಳಬಾರದಿತ್ತಾ ಎಂದು ಕೇಳಿದೆ. "ಗ್ಯಾಸ್ ಅಂತ ಗ್ರಹಿಸಿದೆವು. ಸಬೀಹಾಗೆ ಗೊತ್ತಾದ್ರೆ ಬ್ಯಾಟನ್ನು ಒಲೆಗೆ ಹಾಕ್ತಾಳೆ ಅಂತ ಸುಧಾಕರಣ್ಣನ ಹತ್ತಿರ ಆಣೆ ಹಾಕಿಸಿದ್ರು" ಎಂದ.

ಹೌದು, ಹಾಕುತ್ತಿದ್ದೆ. ಬ್ಯಾಟನ್ನು ಒಲೆಗೆ ಹಾಕಿ, ಇವರನ್ನು ಕಾರಿಗೆ ಹಾಕಿ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ. ವಾರಗಟ್ಟಲೆ ಮುಖ ಊದಿಸಿಕೊಂಡು ಮಾತು ಬಿಡುತ್ತಿದ್ದರು. ಬಿಡಲಿ, ಮುಖ ಊದಿಸಿಕೊಳ್ಳಲಿಕ್ಕಾದರೂ ಇರುತ್ತಿದ್ದರು. ಕಡೆಗೆ ಇವರು ಕುಸಿದ ದಿನ ನೀವೇ ಇವರನ್ನು ಕಾರಿನಲ್ಲಿ ಮಲಗಿಸಿಕೊಂಡು ಹೊರಟಿರಿ. ದಾರಿಯಲ್ಲಿ ಬಿ.ಸಿ. ರೋಡಿನ ವಾಹನಗಳ ಸಾಲು ದಾಟುವ ಮೊದಲೇ ಎಲ್ಲ ಮುಗಿದಿತ್ತು. ನನಗೆ ಫೋನ್ ಬಂದದ್ದು ಅದರ ನಂತರ.

ಚೀಲ ಹಿಡಿದು ಹೊರಗೆ ಬರುವಾಗ ಕೊನೆಯ ಅಂಕಣದಲ್ಲಿ ನಿಮ್ಮನ್ನು ಕಂಡೆ. ಒಂದು ಕೈ ಗಾಜಿಗೆ ಊರಿ, ಇನ್ನೊಂದರಿಂದ ಎಡದ ಭುಜವನ್ನೂ ದವಡೆಯನ್ನೂ ಉಜ್ಜುತ್ತಿದ್ದಿರಿ. ತುಟಿ ಬಿಳುಚಿತ್ತು. ನನ್ನನ್ನು ನೋಡಿ ನಕ್ಕಿರಿ. "ಗ್ಯಾಸ್ ಟೀಚರೇ. ನಮ್ಮದೇ ಹೋಟೆಲಿನಲ್ಲಿ ಗೋಳಿಬಜೆ ತಿಂದದ್ದು ಹೆಚ್ಚಾಯ್ತು." ಆಸ್ಪತ್ರೆಗೆ ಹೋಗುವ ಎಂದರೆ ನೀವು ಸ್ವರ ತಗ್ಗಿಸಿ ಹೇಳಿದ್ದೇನು? "ಮನೆಯಲ್ಲಿ ಸರಸಳಿಗೆ ಹೇಳ್ಬೇಡಿ ಮಾರಾಯ್ರೆ, ಸುಮ್ಮನೆ ಹೆದರ್ತಾಳೆ."

ನಾನು ಗೇಟಿನಲ್ಲಿ ನಿಂತುಕೊಂಡೇ ನಿಮ್ಮ ಹೆಂಡತಿಗೆ, ಸರಸಕ್ಕನಿಗೆ, ಫೋನ್ ಮಾಡಿದೆ. ಇವತ್ತು ಬೆಳಿಗ್ಗೆ ಅವರು ಅಳುತ್ತಾ ನನಗೆ ಫೋನ್ ಮಾಡಿದರು. ನೀವು ಆಸ್ಪತ್ರೆಗೆ ಒಪ್ಪಲಿಲ್ಲವಂತೆ. "ಗಂಡ ಹೋದ ದುಃಖದಲ್ಲಿ ಸಬೀಹಾಗೆ ತಲೆ ಸರಿ ಇಲ್ಲ" ಎಂದಿರಂತೆ. ಸಂಜೆ ಪುನಃ ಆಡಲು ಹೋಗುತ್ತೀರಂತೆ.

ನನ್ನ ತಲೆ ಸರಿ ಉಂಟು ಸುಧಾಕರಣ್ಣ. ನಿಮ್ಮ ಹಠದ ಕಾರಣವೂ ನನಗೆ ಗೊತ್ತಾಗಿದೆ. ನಿಮ್ಮದು ಗ್ಯಾಸ್ ಅಲ್ಲ ಎಂದು ಡಾಕ್ಟರು ಹೇಳಿಬಿಟ್ಟರೆ, ಇವರದ್ದೂ ಗ್ಯಾಸ್ ಆಗಿರಲಿಲ್ಲ ಎಂದು ನೀವು ಒಪ್ಪಿಕೊಳ್ಳಬೇಕಾಗುತ್ತದೆ. ತಿಂಗಳಿಡೀ ಎದುರಿಗೇ ನೋಡಿ ಸುಮ್ಮನಿದ್ದೆ ಎಂದು ಒಪ್ಪಬೇಕಾಗುತ್ತದೆ. ಅದಕ್ಕೆ ಹೆದರಿ ನಿಮ್ಮ ನೋವನ್ನೂ ಗ್ಯಾಸ್ ಎನ್ನುತ್ತಿದ್ದೀರಿ. ಜಗಲಿಯಲ್ಲಿ ಕೂತು ನೀವು ಯಾಕೆ ಅಷ್ಟು ಅತ್ತಿರಿ ಎಂದು ಈಗ ಅರ್ಥವಾಗುತ್ತಿದೆ.

ಈ ಪತ್ರ ತರುವವನು ಸರಸಕ್ಕನ ತಮ್ಮ ರಂಜಿತ್. ಕಾರು ತಂದಿದ್ದಾನೆ, ಸರಸಕ್ಕನೂ ಹೊರಟು ನಿಂತಿರುತ್ತಾರೆ. ಅವಳು ಸೀರೆ ಬದಲಿಸಿಲ್ಲ, ಹೋಟೆಲಿಗೆ ಹೇಳಿ ಬರುತ್ತೇನೆ ಎಂಬ ನೆಪಗಳೆಲ್ಲ ಬೇಡ. ಹೀಗೇ ಎದ್ದು ಹೊರಡಿ.

ನಿಮ್ಮ ತಪ್ಪೇನಿಲ್ಲ ಎಂದು ಬರೆದರೆ ನೀವು ಹಗುರಾಗಿ ಕಾರು ಹತ್ತುತ್ತಿದ್ದಿರೋ ಏನೋ. ಆದರೆ ಸುಳ್ಳು ಬರೆಯಲಾರೆ. ನಾನು ನಿಮ್ಮನ್ನು ಕ್ಷಮಿಸಿಲ್ಲ. ಪ್ರಯತ್ನ ಮಾಡುತ್ತೇನೆ, ಅದಕ್ಕೆ ತುಂಬಾ ವರ್ಷ ಬೇಕಾದೀತು. ಅಲ್ಲಿಯವರೆಗೆ ನೀವು ಬದುಕಿರಬೇಕು.

ನಮ್ಮನ್ನು ಸೃಷ್ಟಿಸಿದವನು ನಿಮ್ಮ ಆಯುಷ್ಯ ದೊಡ್ಡದು ಮಾಡಲಿ ಎಂದು ಸಿಟ್ಟಿನಲ್ಲೇ ದುವಾ ಮಾಡುತ್ತಿರುವ,

ಸಬೀಹಾ